ಹುಣಸಿ ಗಿಡಕ್ಕೊಂದು ಜೀನು

ಬೀದರದ ಮೈಲೂರ ಬಡಾವಣೆಯ ನಮ್ಮ ಮನೆಯಲ್ಲಿ ಪಡಸಾಲೆಯ ಬಾಗಿಲ ಹಿಂದೆ ಒಂದು ಗೂಟ ಇದೆ. ಇಪ್ಪತ್ತು ವರ್ಷ ಅದು ನಮ್ಮ ಮನೆಯವರ ಛತ್ರಿಯ ಗೂಟವಾಗಿತ್ತು. ಹೋದ ವರ್ಷ ಛತ್ರಿಗೆ ಅಡಿಗೆಮನೆಯ ಮೂಲೆ ತೋರಿಸಿ, ಗೂಟವನ್ನು ನನ್ನ ಜೀನಿಗೆ ಕೊಟ್ಟಿದ್ದೇನೆ. ಮನೆಗೆ ಬಂದವರು ನನ್ನ ಮುಖ ನೋಡುವ ಮೊದಲು ಅದನ್ನೇ ನೋಡುತ್ತಾರೆ. ಹಾಲು ಹಾಕುವವನು ಇದು ಎಮ್ಮೆಗೆ ಕಟ್ಟುವ ಪಟ್ಟಿಯೇ ಇರಬೇಕು ಅಂದ. ಪಕ್ಕದ ಮನೆಯ ಶಾಹೀನಾ ಸೊಂಟನೋವಿನ ಬೆಲ್ಟು ಅಂದುಕೊಂಡು, "ಯಾವ ಡಾಕ್ಟರ್ ಕೊಟ್ಟಾರ ಅಕ್ಕಾ? ನನಗೂ ಹೇಳ್ರಿ, ನನ್ನ ಕಮರ್ ಹೋಗೇ ಹೋಗ್ಯದ" ಅಂದಳು. ನಮ್ಮ ನಾದಿನಿ ಮಾತ್ರ ಬಹಳ ಹೊತ್ತು ದಿಟ್ಟಿಸಿ ನೋಡಿ, "ಕೂಸಿನ ಜೋಳಿಗಿ ಏನ್ರೀ ವೈನಿ, ಈ ವಯಸ್ಸಿನಾಗ?" ಅಂತ ಕೇಳಿ ನನ್ನ ಕೈಯಿಂದ ಬೈಸಿಕೊಂಡಳು.

"ಅದು ಜೀನು" ಅಂತ ನಾನು ಹೇಳಿದರೆ ಎಲ್ಲರೂ ಕೇಳುವುದು ಒಂದೇ ಮಾತು. "ಜೀನು ಅದ, ಕುದುರಿ ಎಲ್ಲಿ?"

"ಠಾಣಾ ಕುಶನೂರದಾಗ ನಿಂತದ. ಹುಣಸಿ ಗಿಡಾ" ಅನ್ನುತ್ತೇನೆ. ಆಗ ಅವರು ನಮ್ಮ ಮನೆಯವರ ಕಡೆ ನೋಡುತ್ತಾರೆ. ನಮ್ಮ ಮನೆಯವರು ಪೇಪರಿನ ಹಿಂದೆ ಅಡಗುತ್ತಾರೆ.

ನೀವು ಆ ಜೀನನ್ನು ಹತ್ತಿರ ಬಂದು ನೋಡಿದರೆ, ಸೊಂಟದ ಪಟ್ಟಿಯ ಉಳಿದ ಬಾಲದಲ್ಲಿ ಎರಡು ದಾರ ಕಾಣುತ್ತವೆ. ಒಂದು ಕೆಂಪು, ಒಂದು ಹಸಿರು. ಕೆಂಪು ನನ್ನದು. ಹಸಿರು ಯಾರದು ಅಂತ ಹೇಳಲಿಕ್ಕೇ ನಾನಿಲ್ಲಿ ಬರೆಯಲು ಕೂತಿದ್ದು. ಆದರೆ ನನ್ನ ಸ್ವಭಾವ ಮೊದಲೇ ಹೇಳಿಬಿಡುತ್ತೇನೆ. ಇಪ್ಪತ್ತಾರು ವರ್ಷದಿಂದ ಭಾಲ್ಕಿಯ ಸಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೇನೆ. ಯಾರಾದರೂ ಹಿಂದಿನ ಬೆಂಚಿನಿಂದ "ಟೀಚರ್, ಪಾಠ" ಅಂತ ನೆನಪಿಸುವ ತನಕ ಪಾಠಕ್ಕೆ ಬಂದವಳಲ್ಲ.

ನಾನೊಬ್ಬಳು ಬೇಟೆಗಾರ್ತಿ, ಅದೂ ಹೊಸಬಳು. ಹೆದರಬೇಡಿ, ನನ್ನ ಕೈಯಲ್ಲಿರುವುದು ಕ್ಯಾಮೆರಾ. ದಿನಾ ಬೀದರದಿಂದ ಭಾಲ್ಕಿಗೆ ಬಸ್ಸಿನಲ್ಲಿ ಹೋಗಿ ಬರುವವಳಿಗೆ ಒಂದು ಮುಂಜಾನೆ ಕಿಡಕಿಯಾಚೆ ಹೊಲದಲ್ಲಿ ಚಿಗರಿ ಹಿಂಡು ಕಂಡಿತು. ಅದರಲ್ಲಿ ಒಂದು ಗಂಡು ಕಪ್ಪಗೆ ಮಿರಮಿರ ಮಿಂಚುತ್ತ, ಸುರುಳಿ ಕೊಂಬು ಹಿಂದಕ್ಕೆ ಚೆಲ್ಲಿ, ಸುಮ್ಮನೆ ಮನಸ್ಸಿಗೆ ಬಂತು ಅಂತ ಆಳೆತ್ತರ ಜಿಗಿಯಿತು. ಅಯ್ಯಯ್ಯೋ! ನಾನು ಸೀಟಿನಿಂದ ಎದ್ದು ನಿಂತುಬಿಟ್ಟೆ. ಕಂಡಕ್ಟರು ನನ್ನ ಸ್ಟಾಪು ಬಂತೆಂದು ಸೀಟಿ ಊದಿದ. ಅವತ್ತು ನಾನು ಭಾಲ್ಕಿ ಇನ್ನೂ ನಾಲ್ಕು ಮೈಲಿ ಇರುವಾಗಲೇ ಇಳಿದು ನಡೆದೆ, ನಾಚಿಕೆಗೆ.

ಅದೇ ವಾರ ಭಾಲ್ಕಿಯ ಸ್ಟುಡಿಯೋದ ಮಲ್ಲಣ್ಣನ ಹತ್ತಿರ ಹಳೆಯ ಕ್ಯಾಮೆರಾ ಕೊಂಡೆ. ಮೂವತ್ತು ಊರಿನ ಮದುವೆ ತೆಗೆದ ಕ್ಯಾಮೆರಾ ಅದು. ಒಳಗೆ ಯಾರದೋ ಮದುವೆಯ ಇನ್ನೂರು ಫೋಟೋ ಹಾಗೇ ಇದ್ದವು. ಎರಡು ತಿಂಗಳು ಹೊಲಹೊಲ ಅಲೆದೆ. ಚಿಗರಿಯ ಕಣ್ಣು ನಮ್ಮ ಹೆಡ್‌ಮಾಸ್ತರರ ಕಣ್ಣಿದ್ದ ಹಾಗೆ, ಎಷ್ಟು ದೂರ ಬಗ್ಗಿ ಬಂದರೂ ಹಿಡಿಯುತ್ತದೆ. ನನ್ನ ಹತ್ತಿರ ಚಿಗರಿಯ ಹಿಂಭಾಗದ ಫೋಟೋ ಅರವತ್ತು ಆದವು, ಮುಖ ಒಂದೂ ಇಲ್ಲ.

ಮಲ್ಲಣ್ಣ ಆ ಅರವತ್ತೂ ನೋಡಿ ನಗು ತಡೆದುಕೊಂಡು ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದ. ಪರದೇಶದ ಬೇಟೆಗಾರನೊಬ್ಬ ಗಿಡದ ಮೇಲೆ ಕೂತಿದ್ದ. ಕೂತಿದ್ದ ಅಂದರೆ ಟೊಂಗೆಯ ಮೇಲಲ್ಲ. ಸೊಂಟಕ್ಕೆ ಅಗಲ ಪಟ್ಟಿ, ತೊಡೆಗೆ ಎರಡು ಪಟ್ಟಿ, ಮುಂದೆ ಈ ಸೊಂಟದಿಂದ ಆ ಸೊಂಟಕ್ಕೆ ಒಂದು ಹಗ್ಗದ ಕಮಾನು. ಕಮಾನನ್ನು ಗಿಡದ ಬೊಡ್ಡೆಗೆ ಸುತ್ತಿದ ಹಗ್ಗಕ್ಕೆ ಕೊಕ್ಕೆಯಿಂದ ಸಿಗಿಸಿ, ಬೊಡ್ಡೆಗೆ ಕಾಲು ಒತ್ತಿ, ಆರಾಮ ಕುರ್ಚಿಯಲ್ಲಿ ಒರಗಿದ ಹಾಗೆ ಗಾಳಿಯಲ್ಲಿ ಒರಗಿದ್ದ. ಗಿಡಕ್ಕೆ ಹಾಕುವ ಜೀನು ಅದು.

"ಅವರು ಬಂದೂಕು ಹಿಡೀತಾರ, ನೀವು ಕ್ಯಾಮೆರಾ ಹಿಡೀರಿ. ಚಿಗರಿ ಮ್ಯಾಲ ನೋಡಂಗಿಲ್ರೀ ಟೀಚರ್. ಗಿಡಾ ಏರ್ರಿ" ಅಂದ ಮಲ್ಲಣ್ಣ.

ಗಿಡಾ ಏರ್ರಿ! ಐವತ್ತೆರಡು ವರ್ಷದ ಹೆಂಗಸಿಗೆ ಆ ಎರಡು ಶಬ್ದವನ್ನು ಅವನು ಎಷ್ಟು ಸಲೀಸಾಗಿ ಅಂದುಬಿಟ್ಟ. ಅವನಿಗೇನು ಗೊತ್ತು?

ನನ್ನ ತವರು ಔರಾದ ತಾಲೂಕಿನ ಠಾಣಾ ಕುಶನೂರ. ಜೋಳ ಹಾಲ್ದುಂಬುವ ದಿನಗಳಲ್ಲಿ ನಾವು ಹುಡುಗಿಯರಿಗೆ ಹಕ್ಕಿ ಕಾಯುವ ಕೆಲಸ. ಹೊಲದ ನಡುವೆ ನಾಲ್ಕು ಕಂಬದ ಮಂಚಿಗಿ, ಕೈಯಲ್ಲಿ ಕವಣಿ, ಬಗಲಲ್ಲಿ ಬಡಿಯಲಿಕ್ಕೆ ತಗಡಿನ ಡಬ್ಬಿ. ನನ್ನ ಕವಣಿಯ ಕಲ್ಲು ಹಕ್ಕಿಯನ್ನು ಬಿಟ್ಟು ಉಳಿದ ಎಲ್ಲಕ್ಕೂ ಬಿದ್ದಿದೆ, ಒಂದು ಸಲ ನಮ್ಮ ಆಯಿಯ ನೀರಿನ ಕೊಡಕ್ಕೂ. ಮಂಚಿಗಿ ಎಷ್ಟು ಬೇಕಾದರೂ ಏರಬಹುದಾಗಿತ್ತು. ಏರಬಾರದ್ದು ಬದುವಿನ ಹುಣಸಿ ಗಿಡ. ಹೆಣ್ಣುಮಕ್ಕಳು ಏರಿದ ಗಿಡ ಬಂಜೆ ಬೀಳುತ್ತದೆ ಅಂತ ನಮ್ಮ ಆಯಿಯ ಕಾನೂನು. ಅಪ್ಪನ ಅವ್ವ ಅವಳು. ಮನೆಯಲ್ಲಿ ಅವಳ ಮಾತಿಗೆ ಮೇಲ್ಮನವಿ ಇರಲಿಲ್ಲ.

ನನಗೆ ಹತ್ತು ವರ್ಷ. ಆ ಸಲ ಹುಣಸಿ ಮೈತುಂಬ ಬಿಟ್ಟಿತ್ತು. ಸೆರಗಿಲ್ಲದ ವಯಸ್ಸು, ಲಂಗದ ಚುಂಗು ಸಿಕ್ಕಿಸಿ ಎರಡು ಟೊಂಗೆ ಏರಿ, ಉಪ್ಪಿನ ಹರಳು ಅದ್ದಿ ಅದ್ದಿ ತಿಂದೆ. ಹಲ್ಲು ಚುಳ್ಳೆಂದು ಕಣ್ಣು ತಾನಾಗಿ ಮುಚ್ಚುತ್ತಿತ್ತು. ಆಹಾ, ಈಗ ಬರೆಯುವಾಗಲೂ ಬಾಯಲ್ಲಿ ನೀರು. ಕಣ್ಣು ತೆರೆದಾಗ ಕೆಳಗೆ ಆಯಿ ನಿಂತಿದ್ದಳು.

ಹೊಡೆತ ಮರೆತೇನು. ಮರೆಯದ್ದು ಮುಂದಿನ ವರ್ಷ. ಗಿಡ ಒಂದು ಕಾಯಿಯನ್ನೂ ಬಿಡಲಿಲ್ಲ. ವರ್ಷವೂ ಹುಣಸಿ ಹಣ್ಣು ಕುಟ್ಟಿ, ಉಪ್ಪು ಹಚ್ಚಿ, ಉಂಡೆ ಕಟ್ಟಿ ಓಣಿಯ ಮನೆಮನೆಗೆ ಕೊಡುತ್ತಿದ್ದ ಆಯಿ ಆ ವರ್ಷ ಬಟ್ಟಲು ಹಿಡಿದು ಬೇರೆಯವರ ಹೊಸ್ತಿಲಿಗೆ ಹೋದಳು. ಅವಳ ಹಿಂದೆ ಬಟ್ಟಲು ಹೊರಲು ನನ್ನನ್ನೇ ಕರೆದುಕೊಂಡು ಹೋದಳು, ಬೇಕಂತಲೇ. ಅಲ್ಲಿಂದ ನನ್ನ ಹೆಸರು ಸರೋಜಾ ಅನ್ನುವುದು ಸಾಲೆಯ ಪಟ್ಟಿಯಲ್ಲಿ ಮಾತ್ರ ಉಳಿಯಿತು. ಊರಿಗೆ ನಾನು 'ಹುಣಸಿ ಕೆಡಸಿದಾಕಿ'.

ನಗುವ ವಿಷಯ, ನಕ್ಕಿದ್ದೇನೆ ಕೂಡ. ಆದರೆ ಮದುವೆಯಾಗಿ ಆರು ವರ್ಷ ನನಗೆ ಮಕ್ಕಳಾಗಲಿಲ್ಲ. ತವರಲ್ಲಿ ಒಂದು ಕೂಸಿನ ತೊಟ್ಟಿಲ ಕಾರ್ಯ, ಹೆಂಗಸರೆಲ್ಲ ಹಾಡು ಹೇಳುತ್ತಿದ್ದರು. ನಾನು ತೊಟ್ಟಿಲ ಹಗ್ಗಕ್ಕೆ ಕೈ ಹಾಕಿದಾಗ ಒಬ್ಬ ಮುದುಕಿ, "ನೀ ಬ್ಯಾಡವಾ. ನೀ ಗಿಡಾ ಬಂಜಿ ಮಾಡಿದಾಕಿ" ಅಂದಳು. ಹಾಡು ನಿಂತಿತು. ನಮ್ಮ ಕಾಕಿ, ಅಂದರೆ ಅಪ್ಪನ ತಮ್ಮನ ಹೆಂಡತಿ ಗಂಗಮ್ಮ, ಹಾಡಿನ ಮುಂದಾಳು ಅವಳೇ, ಸಟ್ಟನೆ ಎದ್ದು ಹೊರಗೆ ಹೋದಳು. ನನ್ನ ಮುಖ ಸಹ ನೋಡಲಿಲ್ಲ. ಕಾಕಿಗೂ ನಾನು ಬೇಡವಾದೆ ಅಂತ ಅವತ್ತು ನಾನು ಅಂದುಕೊಂಡೆ. ಏಳನೆಯ ವರ್ಷ ಮಗಳು ಹುಟ್ಟಿದಳು, ದೊಡ್ಡವಳೂ ಆದಳು. ಆ ಮಾತಿನ ಮುಳ್ಳು ಮಾತ್ರ ಹೋಗಲಿಲ್ಲ.

ಹುಣಸಿ ಗಿಡ ಒಂದು ವರ್ಷ ಹೇರಳ ಬಿಟ್ಟರೆ ಮರುವರ್ಷ ದಣಿವಾರಿಸಿಕೊಳ್ಳುತ್ತದೆ, ಅದು ಅದರ ಗುಣ ಅಂತ ಮುಂದೆ ಎಲ್ಲೋ ಓದಿದೆ. ಅದನ್ನು ಮಕ್ಕಳಿಗೂ ಹೇಳಿದೆ, ಸಾಲೆಯ ಸಹೋದ್ಯೋಗಿಗಳಿಗೂ ಹೇಳಿದೆ. ತಲೆಗೆ ತಿಳಿಯಿತು, ಎದೆಗೆ ತಿಳಿಯಲಿಲ್ಲ. ಅದಕ್ಕೇ ಮಲ್ಲಣ್ಣ "ಗಿಡಾ ಏರ್ರಿ" ಅಂದಾಗ ನನ್ನ ಕಣ್ಣಿಗೆ ಕಂಡದ್ದು ಬೇರೆ ಯಾವ ಗಿಡವೂ ಅಲ್ಲ. ಅದರ ಕೆಳಗಿನ ಕಡಲಿ ಹೊಲಕ್ಕೆ ದಿನಾ ಮುಂಜಾನೆ ಚಿಗರಿ ಬರುತ್ತವೆ ಅನ್ನುವುದೂ ನಿಜ. ಆದರೆ ನನಗೆ ಬೇಕಾದದ್ದು ಹಾಡುಹಗಲು ಆ ಗಿಡ ಏರಿ ಕೂಡುವುದು. ಊರು ನೋಡಬೇಕು. ಕಾಕಿ ನೋಡಬೇಕು. ಕಾಕಾ ತೀರಿಕೊಂಡ ಮೇಲೆ ಹೊಲ, ಗಿಡ ಎಲ್ಲ ಕಾಕಿಯ ಕಾರಭಾರ. ಅವಳು 'ಏರು' ಅನ್ನಬೇಕು. ಅಷ್ಟೇ.

ಜೀನು ಮೊಬೈಲಿನಲ್ಲಿ ತರಿಸಿದೆ. ಸೊಂಟದ ಅಳತೆ ಕೇಳಿದ್ದರು. ನಾನು ಅಳೆದದ್ದು ಸೋಮವಾರ. ಸೋಮವಾರ ನನ್ನ ಉಪವಾಸ. ಸಂಜೆಯ ತನಕ ಒಂದು ಬಾಳೆಹಣ್ಣಿನ ಮೇಲೆ ಇದ್ದವಳು, ತೆಳ್ಳನೆಯ ನೈಟಿ ಹಾಕಿಕೊಂಡು, ಉಸಿರು ಮೇಲಕ್ಕೆ ಎಳೆದು ಟೇಪು ಸುತ್ತಿದೆ. ಬಂದ ಸಂಖ್ಯೆ ನೋಡಿ ಖುಷಿಯಾಗಿ, ಇನ್ನೂ ಎರಡು ಇಂಚು ನನ್ನ ಕಡೆಯಿಂದ ಕಳೆದು ಬರೆದೆ. ಪರದೇಶದ ಕಂಪನಿಯವರ ಎದುರು ಯಾಕೆ ಮಾನ ಕಳೆದುಕೊಳ್ಳುವುದು?

ಡಬ್ಬಿ ಬಂತು. ಹಾಕಿಕೊಂಡೆ. ಅಂದರೆ ಹಾಕಿಕೊಳ್ಳಲು ನೋಡಿದೆ. ನಮ್ಮ ಮನೆಯವರು ಒಂದು ಕಡೆ, ನಾನು ಒಂದು ಕಡೆ ಎಳೆದೆವು. ಕೊನೆಗೆ ಬಕ್ಕಲು ಬಿತ್ತು. ಮಾಳಿಗೆ ಮೆಟ್ಟಿಲ ಕಂಬಕ್ಕೆ ಹಗ್ಗ ಹಾಕಿ ಒರಗಿದ್ದೇ ತಡ, ಎರಡೂ ಕಡೆಯಿಂದ ಯಾರೋ ಇಕ್ಕಳ ಹಾಕಿ ಹಿಂಡಿದಂತಾಗಿ ನಾನು ಚೀರಿದೆ. "ಚಿಗರಿ ಇದನ್ನ ಕೇಳಿದ್ರ ಆಂಧ್ರಾದ ತನಕ ಓಡ್ತಾವ" ಅಂದರು ನಮ್ಮ ಮನೆಯವರು. ಸಿಟ್ಟಿಗೆ ಅದನ್ನು ವಾಪಸು ಕಳಿಸಿ ಎಲ್ಲಕ್ಕಿಂತ ದೊಡ್ಡದು ತರಿಸಿದೆ. ಅದು ಎದ್ದು ನಿಂತರೆ ಮೊಣಕಾಲಿಗೆ ಇಳಿಯುತ್ತಿತ್ತು. ಎಷ್ಟು ಎಳೆದರೆ ಸರಿ ಅಂತ ತಿಳಿಯಲೊಲ್ಲದು. ಸಡಿಲ ಬಿಟ್ಟರೆ ಜಾರುತ್ತದೆ, ಬಿಗಿದರೆ ಹಿಂಡುತ್ತದೆ. ನಮ್ಮ ಮನೆಯವರು ಅವತ್ತು ಮೊದಲ ಸಲ ನಗಲಿಲ್ಲ. "ಇದು ಜೀವದ ಮಾತು ಸರೂ. ಅಂದಾಜಿಗೆ ಕಟ್ಟಿಕೊಂಡು ಏರೂದು ಬ್ಯಾಡ. ಜೀನು ತಿಳದವರಿಗೆ ತೋರಿಸು" ಅಂದರು.

ಬೀದರದಲ್ಲಿ ಜೀನು ತಿಳಿದವರು ಯಾರು? ಹಳೆಯ ಊರಿನ ಒಂದು ಗಲ್ಲಿಯಲ್ಲಿ ಮಸ್ತಾನಸಾಬರ ಅಂಗಡಿ. ಒಂದು ಕಾಲಕ್ಕೆ ಟಾಂಗಾ ಕುದುರೆಗಳ ಸಾಮಾನು, ಮದುವೆ ಮೆರವಣಿಗೆ ಕುದುರೆಗಳ ಜೀನು ಹೊಲಿದವರು. ಅವರ ಅಪ್ಪ, ಅಜ್ಜ ಎಲ್ಲ ಅದನ್ನೇ ಹೊಲಿದವರು. ಈಗ ಆಟೋ ಸೀಟು, ಬೈಕಿನ ಸೀಟು, ಮಕ್ಕಳು ಪುಸ್ತಕ ಹೊರುವ ದಫ್ತರು. ನನ್ನ ಜೀನು ನೋಡಿದ್ದೇ ಮುದುಕರ ಮುಖ ಅರಳಿತು. ತಿರುಗಿಸಿ ತಿರುಗಿಸಿ ನೋಡಿದರು, ಹೊಲಿಗೆಯ ಮೇಲೆ ಉಗುರು ಎಳೆದು ನೋಡಿದರು.

"ಕ್ಯಾ ಕಾಮ್ ಕರೇ! ಭೇಷ್ ಮಾಲ್ ಅದ. ಈ ಹೊಲಿಗಿಗೆ ನಾ ಸೂಜಿ ಮುಟ್ಟಸಂಗಿಲ್ಲ ಟೀಚರಮ್ಮ. ಭಾರ ಹಿಡಿಯೋ ಪಟ್ಟಿಗಿ ತೂತು ಹಾಕಿದ್ರ ಗುನ್ಹಾ. ಅಳತಿ ಅಷ್ಟ ಕೂಡಸ್ತೇನಿ. ಖಾನಾ ಆಯ್ತು?"

"ಇಲ್ಲ ಚಾಚಾ, ಇವತ್ತ ಉಪ್ಪಾಸ."

"ಹೋಗ್ರಿ. ನಾಳಿಗಿ ಹೊಟ್ಟಿ ತುಂಬ ಉಂಡು ಬರ್ರಿ. ಗಿಡದ ಮ್ಯಾಲ ಏನ್ ಹಾಕ್ಕೋತೀರಿ, ಅದೇ ಹಾಕ್ಕೊಂಡು ಬರ್ರಿ. ಸ್ವೇಟರ್, ಪ್ಯಾಂಟ್, ಸಬ್."

ಮರುದಿನ ಎಳ್ಳಮಾಸಿ ಹಬ್ಬದ ಅಡಿಗೆಯಲ್ಲಿ ಉಳಿದ ಸಜ್ಜಿ ರೊಟ್ಟಿ, ಕಾಳು-ಸೊಪ್ಪಿನ ಭಜ್ಜಿ ಹೊಡೆದು, ನಮ್ಮ ಮನೆಯವರ ಹಳೆಯ ಪ್ಯಾಂಟು ಸಿಗಿಸಿಕೊಂಡು, ಮೇಲೆ ದಪ್ಪ ಸ್ವೇಟರು ಹಾಕಿ ಹೋದೆ. ಚಾಚಾ ನನ್ನ ಕಡೆ ಬೆನ್ನು ಮಾಡಿ ರಸ್ತೆಗೆ ಮುಖ ಮಾಡಿ ಕೂತರು. ಒಳಗಿನಿಂದ ಅವರ ಹೆಂಡತಿ ಚಾಚಿ ಬಂದಳು. ಪಟ್ಟಿ ಕಟ್ಟುವವಳು ಅವಳು, ಹುಕುಂ ಕೊಡುವವರು ಇವರು.

"ಮ್ಯಾಲಿನ ಪಟ್ಟಿ ಕಮರಿನ ಎಲುಬಿನ ಮ್ಯಾಲ ಕುಂತಿತೇನು? ಕೆಳಗಿಂದು ಕೂಡೋ ಜಾಗಾದ ಕೆಳಗ ಬರಬೇಕು. ಬಂತಾ? ಈಗ ಎಳಿಬ್ಯಾಡ. ಬಾತಾಂ ಕರಾವ್ ಉನಕು!"

ಚಾಚಿ ಮಾತಿಗೆ ಎಳೆದಳು. ಮಕ್ಕಳೆಷ್ಟು, ಭಜ್ಜಿಗೆ ಏನೇನು ಹಾಕಿದ್ದೆ, ಅತ್ತಿ ಇದ್ದಾಗ ಕಾಟ ಕೊಡುತ್ತಿದ್ದಳೇ. ಅತ್ತೆಯ ಮಾತು ಬಂದಾಗ ನಾನು ಮೈಮರೆತೆ. ಉಸಿರು ಬಿಟ್ಟು ಜೋರಾಗಿ ಹೇಳತೊಡಗಿದ್ದೇ, ಚಾಚಿ ಸರ್ರನೆ ಪಟ್ಟಿ ಎಳೆದಳು.

ಚಾಚಾ ರಸ್ತೆಯ ಕಡೆಗೇ ನಕ್ಕರು. "ಕುದುರಿ ಭಾಳ ಚಾಲಾಕ್ ಟೀಚರಮ್ಮ. ಜೀನು ಬಿಗಿಯೋವಾಗ ಹೊಟ್ಟಿ ಉಬ್ಬಸ್ತದ. ಆಮ್ಯಾಲ ಉಸುರು ಬಿಡ್ತದ, ಜೀನು ಸಡಲ, ಸವಾರ ನೆಲಕ್ಕ. ಮನಷ್ಯಾರು ಉಲ್ಟಾ, ಹೊಟ್ಟಿ ಒಳಗ ಎಳಕೋತೀರಿ. ಎರಡೂ ಝೂಟೇ. ಕುದುರಿಗಿ ನಾಕ ಹೆಜ್ಜಿ ನಡಸಬೇಕು, ಮನಷ್ಯಾಗ ಮಾತಾಡಸಬೇಕು. ಖರೇ ಅಳತಿ ಮಾತಿನಾಗ ಬರ್ತದ."

ಆಮೇಲೆ ಅಂಗಡಿಯ ಮುಂದಿನ ಬೇವಿನ ಗಿಡಕ್ಕೆ ಹಗ್ಗ ಸುತ್ತಿಸಿದರು. ನೆಲದಿಂದ ಒಂದೇ ಮೊಳ. ಅರ್ಧ ತಾಸು ಅದರಲ್ಲೇ ಕೂಡಬೇಕು, ನೋವು ಮೊದಲ ನಿಮಿಷ ಹೇಳುವುದಿಲ್ಲ, ಇಪ್ಪತ್ತನೆಯ ನಿಮಿಷ ಹೇಳುತ್ತದೆ ಅಂದರು. ನೋಡಿ, ಹಳೆಯ ಊರಿನ ನಟ್ಟನಡು ಗಲ್ಲಿಯಲ್ಲಿ, ಗಂಡನ ಪ್ಯಾಂಟು ಹಾಕಿದ ಕನ್ನಡ ಟೀಚರು ಬೇವಿನ ಗಿಡಕ್ಕೆ ಜೋತುಬಿದ್ದಿದ್ದಾಳೆ. ಸುತ್ತ ಜನವೋ ಜನ. ಬುರ್ಖಾದ ಹೆಣ್ಣುಮಕ್ಕಳು ಬಾಯಿಗೆ ಕೈ ಅಡ್ಡ ಇಟ್ಟು ನಗುತ್ತಿದ್ದಾರೆ. ಯಾರೋ ಚಹಾ ತಂದುಕೊಟ್ಟರು, ಜೋತಾಡುತ್ತಲೇ ಕುಡಿದೆ. ಇಪ್ಪತ್ತನೆಯ ನಿಮಿಷಕ್ಕೆ ಬಲ ಸೊಂಟ ಹಿಂಡಿತು. "ಮುಂದಿನ ಹಗ್ಗಾ ನಾಕ ಬಟ್ಟು ಉದ್ದ ಬಿಡು" ಅಂದರು ಚಾಚಾ. ಚಾಚಿ ಬಿಟ್ಟಳು. ಹಿಂಡುವುದು ನಿಂತಿತು! ನನ್ನ ಭಾರವೆಲ್ಲ ಎಲ್ಲೋ ಹೋಯಿತು. ಮಂಚಿಗಿಯ ಮೇಲೆ ಕಾಲು ಇಳಿಬಿಟ್ಟು ಕೂತ ಹುಡುಗಿ ನನ್ನೊಳಗೆ ಎದ್ದು ಕೂತಳು. "ಚಾಚಾ, ಕುಂತಿತು! ಸರಿಯಾಗಿ ಕುಂತಿತು!" ಅಂತ ಕೂಗಿಬಿಟ್ಟೆ. ಜನ ಚಪ್ಪಾಳೆ ಹೊಡೆದರು. ಚಾಚಿ ಪಟ್ಟಿಯನ್ನು ಎಲ್ಲಿಯ ತನಕ ಎಳೆಯಬೇಕೋ ಅಲ್ಲಿ ಬಾಲಕ್ಕೆ ಒಂದು ಕೆಂಪು ದಾರ ಸುತ್ತಿ ಗುರುತು ಕಟ್ಟಿದಳು.

ಜೀನು ಆಯಿತು, ಗಿಡ ಉಳಿಯಿತು. ಕಾಕಿಗೆ ಫೋನು ಮಾಡಿದೆ.

"ಕಾಕಿ, ಗಿಡಾ ಏರ್ಲೇನು?"

"ಯಾವ ಗಿಡಾ?"

"ಬದುವಿಂದು. ಹುಣಸಿ ಗಿಡಾ. ಹಗ್ಗಾ ಕಟ್ಟಿಕೊಂಡು ಏರ್ತೇನಿ."

ಆ ಕಡೆ ಕೋಳಿ ಕೂಗಿದ್ದು, ಯಾರೋ ಕೊಡ ಇಟ್ಟದ್ದು ಕೇಳಿಸಿತು. ಆಮೇಲೆ, "ಹಗ್ಗಾ ಗಟ್ಟಿ ಅದ?" ಅಂದಳು.

"ಅದ."

"ಬಾ" ಅಂದು ಇಟ್ಟುಬಿಟ್ಟಳು. ಅದು ಒಪ್ಪಿಗೆಯೋ, 'ಬಾ, ತೋರಸ್ತೇನಿ' ಅನ್ನುವ ಬೆದರಿಕೆಯೋ ತಿಳಿಯದೆ ನಾನು ಔರಾದ ದಾಟುವ ತನಕ ಬಸ್ಸಿನಲ್ಲಿ ಆ ಒಂದಕ್ಷರವನ್ನೇ ನಮ್ಮ ಮನೆಯವರ ಎದುರು ಹತ್ತು ರೀತಿ ಅಂದು ತೋರಿಸಿದೆ.

ಮರುದಿನ ಬೆಳಕು ಹರಿಯುವಾಗ ಗಿಡದ ಕೆಳಗೆ ನಿಂತಿದ್ದೆವು. ಹುಣಸಿ ಆ ವರ್ಷವೂ ಮೈತುಂಬ ಬಿಟ್ಟಿತ್ತು, ಟೊಂಗೆಗಳು ಬಗ್ಗಿದ್ದವು. ಕಾಕಿಯ ಮಗ ಬಸಣ್ಣ ಏಣಿ ಹಿಡಿದ. ನಾನು ಗಿಡ ಏರಿ ಬೈಸಿಕೊಂಡ ವರ್ಷವೇ ದಸರೆಗೆ ಹುಟ್ಟಿದವನು ಅವನು, ಈಗ ಅವನ ಮೀಸೆಯಲ್ಲೂ ಬಿಳಿ. ಬೊಡ್ಡೆಗೆ ಹಗ್ಗ ಸುತ್ತಿ, ಮೆಟ್ಟಿಲಿಗೊಮ್ಮೆ ಮೇಲಕ್ಕೆ ಸರಿಸುತ್ತ, ಹತ್ತು ಅಡಿ ಏರಿದೆ. ಹತ್ತೇ ಅಡಿ, ನಗಬೇಡಿ. ಕೆಂಪು ದಾರದ ತನಕ ಪಟ್ಟಿ ಎಳೆದು, ಕೊಕ್ಕೆ ಸಿಗಿಸಿ, ದೇವರ ಹೆಸರು ಹೇಳಿ ಒರಗಿದೆ. ಕೂತಿತು. ಬಸಣ್ಣ, ನಮ್ಮ ಮನೆಯವರು ಇಬ್ಬರೂ ದೂರ ಸರಿದರು. ಕಾಕಿ ದೂರ ಬದುವಿನ ಮೇಲೆ ಶಾಲು ಹೊದ್ದು ನಿಂತಿದ್ದಳು. ಮುಖ ಕಾಣುತ್ತಿರಲಿಲ್ಲ.

ಮಂಜು ತೆಳ್ಳಗಾದ ಹಾಗೆ ಕಡಲಿ ಹೊಲದ ಅಂಚಿಗೆ ಅವು ಬಂದವು. ಆರು ಹೆಣ್ಣು, ಹಿಂದೆ ಒಂದು ಕಪ್ಪು ಗಂಡು. ಬಂದವು, ಬಂದವು, ನೇರ ನನ್ನ ಕಾಲ ಕೆಳಗೇ ಬಂದವು! ಅವುಗಳ ಬಾಯಲ್ಲಿ ಕಡಲಿ ಸೊಪ್ಪು ಕಟಕಟ ಅನ್ನುವುದು ನನಗೆ ಕೇಳುತ್ತಿತ್ತು. ಗಂಡಿನ ಕಣ್ಣ ಸುತ್ತಿನ ಬಿಳಿ ಉಂಗುರ ಕಂಡಿತು. ಒಂದೂ ಮೇಲೆ ನೋಡಲಿಲ್ಲ. ನಲವತ್ತು ಫೋಟೋ ಹೊಡೆದೆ. ಟೊಂಗೆ ಅಡ್ಡ ಬಂದು ಮೂವತ್ತೊಂಬತ್ತರಲ್ಲಿ ಹುಣಸಿ ಕಾಯಿ ಬಂದವು, ಒಂದರಲ್ಲಿ ಚಿಗರಿ. ಆದರೆ ಮುಖ!

ಇಳಿದು ಬಂದಾಗ ಕಾಕಿ ಬೊಡ್ಡೆಯ ಹತ್ತಿರ ನಿಂತಿದ್ದಳು. ಈಗ ಬೈಗುಳ ಬರುತ್ತದೆ ಅಂತ ನಾನು ತಲೆ ತಗ್ಗಿಸಿದೆ. ಐವತ್ತೆರಡು ವರ್ಷದ ತಲೆ, ತವರಿನಲ್ಲಿ ಹತ್ತು ವರ್ಷದ್ದೇ ಆಗಿತ್ತು.

"ನನಗ ಕಟ್ಟು" ಅಂದಳು ಕಾಕಿ.

"ಏನು?"

"ನಿನ್ನ ಜೀನು. ನನಗ ಕಟ್ಟು. ನಾನೂ ಕೂಡ್ತೇನಿ."

ನೋಡಿದರೆ ಸೀರೆಗೆ ಆಗಲೇ ಕಚ್ಚೆ ಹಾಕಿ ತಯಾರಾಗಿ ಬಂದಿದ್ದಳು. ಬಸಣ್ಣ, "ಅವ್ವಾ, ಹುಚ್ಚ ಹಿಡದದ ಏನ? ಅರವತ್ತ ದಾಟ್ಯಾವ" ಅಂದ. "ನಿನಗ್ಯಾರು ಕೇಳಿದ್ರು? ನೀ ಹೋಗಿ ಚಹಾಕ್ಕ ಹಾಲ ತಾ" ಅಂತ ಅವನನ್ನು ಮನೆಗೆ ಅಟ್ಟಿದಳು. ನಮ್ಮ ಮನೆಯವರು ಹೇಳಿಸಿಕೊಳ್ಳದೆಯೇ ಅವನ ಹಿಂದೆ ನಡೆದರು.

ಒಂದು ಮೊಳ ಎತ್ತರಕ್ಕೆ ಹಗ್ಗ ಇಳಿಸಿದೆ. ಪಟ್ಟಿಗಳನ್ನು ಕಾಕಿಯ ಸೊಂಟಕ್ಕೆ ಹಾಕಿದೆ. ಮಾಂಸವಿಲ್ಲದ ಗಟ್ಟಿ ಸೊಂಟ. ಅವಳು ಉಸಿರು ಬಿಗಿಹಿಡಿದು ನಿಂತಳು, ಹೊಟ್ಟೆ ಬೆನ್ನಿಗೆ ಹತ್ತಿತ್ತು. ಈ ಅಳತೆ ಝೂಟ್ ಅಂತ ನನಗೆ ಗೊತ್ತು. ಮಾತಾಡಿಸಬೇಕು. ಏನು ಕೇಳುವುದು? ಬಾಯಿಗೆ ಬಂದದ್ದು ಕೇಳಿದೆ.

"ಕಾಕಿ, ನೀ ಯಾವಾಗರ ಗಿಡಾ ಏರಿದ್ದಿ ಏನು?"

ಕಾಕಿ ಉಸಿರು ಬಿಟ್ಟಳು. ಪೂರಾ ಬಿಟ್ಟಳು.

"ಏರಿದ್ದೆ. ಇದೇ ಗಿಡಾ. ನೀ ಏರಿದಿ ಅಲಾ, ಅದಕ್ಕ ಎಂಟ ದಿನಾ ಮೊದಲ."

ಪಟ್ಟಿ ಎಳೆಯಬೇಕಾದ ಹೊತ್ತು ಅದೇ. ನನ್ನ ಕೈ ಎಳೆಯಲಿಲ್ಲ.

"ಬಸು ಹೊಟ್ಟ್ಯಾಗಿದ್ದ. ಬಯಕಿ. ಹುಳಿ ಬೇಕಂತ ಹಲ್ಲ ಹಲ್ಲ ಕಡೀತಿದ್ದೆ. ಹೊಸಾ ಸೊಸಿ, ಅತ್ತಿಗಿ ಕೇಳಲಿಕ್ಕ ನಾಚಿಕಿ. ಎಲ್ಲಾರೂ ಅಡ್ಡಾದಾಗ ಬಂದು ಏರಿದೆ. ನಿನಗಿಂತ ಮ್ಯಾಲ ಏರಿದ್ದೆ, ಮೂರನೇ ಟೊಂಗಿಗಿ. ಆಮ್ಯಾಲ ಗಿಡಾ ಬಿಡಲಿಲ್ಲ. ನಿನ್ನ ಹೆಸರ ಬಂತು. ನನ್ನ ಬಾಯಿ ಬರಲಿಲ್ಲ ಸರೂ. ಹೇಳಿದ್ರ ನನ್ನ ತವರಿಗಿ ಅಟ್ಟತಿದ್ರು ಅಂತ ಅಂಜಿದೆ. ಆ ತೊಟ್ಟಲ ದಿನಾ ಮುದುಕಿ ನಿನಗ ಅಂದಳಲ್ಲ, ಅವತ್ತರ ಹೇಳಬೇಕಂತ ಎದ್ದೆ. ನನ್ನ ಕಾಲು ಹೊರಗ ಹೋದವು."

"ನಲವತ್ತೆರಡ ವರ್ಷಾ, ಕಾಕಿ!" ಅಂದೆ. ಸಿಟ್ಟು ಬಂತು, ನಿಜವಾಗಿ ಬಂತು. ಬಟ್ಟಲು ಹಿಡಿದು ಹೋದ ಹೊಸ್ತಿಲುಗಳೆಲ್ಲ ಕಣ್ಣೆದುರು ಬಂದವು. ಕಾಕಿ ಜೀನಿನ ಪಟ್ಟಿಗಳಲ್ಲಿ ಸಿಕ್ಕಿಕೊಂಡು, ಎಲ್ಲಿಗೂ ಹೋಗಲಾರದೆ, ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು. ಈ ಸಲ ಕಾಲು ಹೊರಗೆ ಹೋಗಲಿಲ್ಲ.

"ಹೌದವಾ. ನಲವತ್ತೆರಡು" ಅಂದಳು.

ನಾನು ಪಟ್ಟಿ ಎಳೆದೆ. ಮೇಲಿನದು ಎಲುಬಿನ ಮೇಲೆ ಕೂತಿದೆಯೋ ನೋಡಿದೆ, ಕೆಳಗಿನದನ್ನು ಸರಿಮಾಡಿದೆ, ಮುಂದಿನ ಹಗ್ಗವನ್ನು ನಾಲ್ಕು ಬೆರಳು ಸಡಿಲ ಬಿಟ್ಟೆ. ಕಣ್ಣು ಮಂಜಾಗಿ ಬಕ್ಕಲು ಎರಡೆರಡು ಸಲ ಮುಟ್ಟಿ ನೋಡಬೇಕಾಯಿತು. "ಒರಗು" ಅಂದೆ.

ಕಾಕಿ ಒರಗಿದಳು. ಕಾಲು ಬೊಡ್ಡೆಗೆ ಒತ್ತಿದಳು. ಒಂದು ಸಲ ತೂಗಿದಳು, ಇನ್ನೊಂದು ಸಲ ತೂಗಿದಳು. "ಏ ಸರೂ! ಹಗುರ ಆತಲ್ಲೇ!" ಅಂತ ಹುಡುಗಿಯ ಹಾಗೆ ಕೂಗಿದಳು. ಕೈ ಚಾಚಿ ಬಗ್ಗಿದ ಟೊಂಗೆಯಿಂದ ಒಂದು ಕಾಯಿ ಕಿತ್ತು ಮುರಿದು ಅರ್ಧ ತನ್ನ ಬಾಯಿಗೆ, ಅರ್ಧ ನನಗೆ ಕೊಟ್ಟಳು. ಇಬ್ಬರ ಕಣ್ಣೂ ಒಟ್ಟಿಗೆ ಮುಚ್ಚಿದವು. ನನ್ನ ಕ್ಯಾಮೆರಾದ ನಲವತ್ತೊಂದನೆಯ ಫೋಟೋ ಅದೇ, ಹುಳಿಗೆ ಮುಖ ಕಿವುಚಿದ ಕಾಕಿ. ಇಳಿಯುವಾಗ ಅವಳೇ ತನ್ನ ಸೀರೆಯ ಸೆರಗಿನಿಂದ ಒಂದು ಹಸಿರು ಎಳೆ ಕಿತ್ತು, ತನ್ನ ಅಳತೆಗೆ ಪಟ್ಟಿಯ ಬಾಲದಲ್ಲಿ ಗಂಟು ಹಾಕಿದಳು.

ಇಷ್ಟಕ್ಕೇ ಮುಗಿಸಬಹುದಾಗಿತ್ತು. ಆದರೆ ಮೊನ್ನೆ ಎಳ್ಳಮಾಸಿಗೆ ಊರಿಗೆ ಹೋಗಿದ್ದೆ. ನೀವು ಊಹಿಸಿರಬೇಕು. ಗಿಡದಲ್ಲಿ ಒಂದು ಕಾಯಿಯೂ ಇಲ್ಲ. ಬರೀ ಎಲೆ. ಹೊಲದಲ್ಲಿ ಊಟಕ್ಕೆ ಕೂತ ಓಣಿಯ ಹೆಂಗಸರು ಮೇಲೆ ನೋಡಿದರು, ನನ್ನ ಕಡೆ ನೋಡಿದರು. ಒಬ್ಬಳು ಶುರುಮಾಡಿಯೇ ಬಿಟ್ಟಳು, "ಹೋದ ವರ್ಷ ಸರೋಜಾ ಬಂದು ಏರಿದ್ದಳಂತಲ್ಲ..."

ಗಿಡದ ಗುಣ, ಒಂದು ವರ್ಷ ಬಿಟ್ಟು ಒಂದು ವರ್ಷ ಅಂತ ಪಾಠ ಶುರುಮಾಡಲು ಬಾಯಿ ತೆರೆದೆ.

ಅಷ್ಟರಲ್ಲಿ ಭಜ್ಜಿ ಬಡಿಸುತ್ತಿದ್ದ ಕಾಕಿ ಸೌಟು ಹಿಡಿದು ಎದ್ದು ನಿಂತಳು. ಇಡೀ ಹೊಲಕ್ಕೆ ಕೇಳುವ ಹಾಗೆ, ತೊಟ್ಟಿಲ ಹಾಡು ಎತ್ತುವ ದನಿಯಲ್ಲಿ ಹೇಳಿದಳು:

"ಆಕಿಗಿ ಏನೂ ಅನಬ್ಯಾಡ್ರಿ. ಹೋದ ವರ್ಷ ನಾ ಏರಿದ್ದೆ. ಆವಾಗ, ಆ ವರ್ಷನೂ ಮೊದಲ ನಾನೇ ಏರಿದ್ದೆ. ಯಾರಿಗರ ಹುಣಸಿ ಬೇಕಾದ್ರ ನನ್ನ ಹೆಸರ ಹೇಳಿ ಬೈಕೋರಿ."

ಮಾತು ಶುರುಮಾಡಿದವಳು ತಲೆ ಬಗ್ಗಿಸಿ ರೊಟ್ಟಿ ಮುರಿಯತೊಡಗಿದಳು. ಬಸಣ್ಣ ಅವ್ವನ ಮುಖ ನೋಡುತ್ತ ನಿಂತ. ಕಾಕಿ ನನ್ನ ಎಲೆಗೆ ಇನ್ನೊಂದು ಸೌಟು ಭಜ್ಜಿ ಹಾಕಿದಳು. ಊಟ ಮುಗಿದ ಮೇಲೆ ಮನೆಯಿಂದ ಒಂದು ಬಟ್ಟಲು ತೆಗೆದುಕೊಂಡು, ಹುಣಸಿ ಕೇಳಲಿಕ್ಕೆ ಓಣಿಗೆ ಹೊರಟಳು. ನಾನು ಹಿಂದೆ ಹೊರಟರೆ, "ನೀ ಕೂಡು ಸರೂ. ಈ ಬಟ್ಟಲಾ ನಾನೇ ಹಿಡೀತೇನಿ" ಅಂದಳು.